ನೆರೆರಾಷ್ಟ್ರದ ಚೀಟಿ

ಶಿವಾಜಿನಗರದ ಬಸ್ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಪದವಿ ಕಾಲೇಜಿನಲ್ಲಿ ನಾನು ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಹಲಸೂರಿನ ಮನೆಯಲ್ಲಿ ಕುಕ್ಕರ್ ಇಳಿಸಿ, ಡಬ್ಬಿ ಕಟ್ಟಿಕೊಂಡು, ಮೊದಲ ಪೀರಿಯಡ್ಡಿಗೆ ಓಡುತ್ತಿದ್ದ ದಿನಗಳು. ಕೊನೆಯ ವರ್ಷದವರಿಗೆ ಅಂತಾರಾಷ್ಟ್ರೀಯ ಸಂಬಂಧಗಳು ಎಂಬ ವಿಷಯವಿತ್ತು. ಬರೀ ನೋಟ್ಸ್ ಬರೆಸಿದರೆ ಹಿಂದಿನ ಬೆಂಚು ತೂಕಡಿಸುತ್ತಿತ್ತು. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡಿದ್ದೆ. ದೇಶಗಳ ಹೆಸರು ಬರೆದ ಚೀಟಿಗಳನ್ನು ಒಂದು ಖಾಲಿ ಡಬ್ಬಿಗೆ ಹಾಕಿ ಕುಲುಕುವುದು. ಯಾರಿಗೆ ಯಾವ ದೇಶ ಬಂತೋ, ಒಂದು ವಾರ ಅವರೇ ಆ ದೇಶ. ಅದರ ಹಿತಕ್ಕಾಗಿ ಎದ್ದು ನಿಂತು ವಾದಿಸಬೇಕು.

ಕಾರ್ಗಿಲ್ ಯುದ್ಧ ಮುಗಿದು ಕೆಲವೇ ತಿಂಗಳಾಗಿದ್ದವು. ಪಾಕಿಸ್ತಾನದ ಚೀಟಿ ಪುಲಿಕೇಶಿನಗರದಿಂದ ಬರುತ್ತಿದ್ದ ಹುಡುಗಿಯ ಕೈಗೆ ಬಂತು. ಅವಳ ತಂದೆಗೆ ಬಟ್ಟೆ ಅಂಗಡಿ. ಮನೆಮಾತು ದಖ್ಖನಿ, ಪರೀಕ್ಷೆ ಬರೆಯುವುದು ಕನ್ನಡದಲ್ಲಿ. ಆ ಮನೆಯಿಂದ ಪದವಿಯವರೆಗೆ ಬಂದ ಮೊದಲ ಹೆಣ್ಣುಮಗಳು. ಚೀಟಿ ಬಿಚ್ಚಿ ನೋಡಿ, ಮತ್ತೆ ಮಡಚಿ, ನನ್ನ ಮೇಜಿನ ಹತ್ತಿರ ಬಂದಳು.

"ಮೇಡಂ, ಬೇರೆ ಚೀಟಿ ತಗೊಳ್ಲಾ?"

"ಯಾಕಮ್ಮ?"

"ಸುಮ್ನೆ ಮೇಡಂ. ನೇಪಾಳ ಇದ್ರೆ ಕೊಡಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಬ್ಬರಿಗೆ ಬದಲಾಯಿಸಿದರೆ ಎಲ್ಲರಿಗೂ ಬದಲಾಯಿಸಬೇಕಾಗುತ್ತದೆ ಎಂದೆ. ಅಷ್ಟಕ್ಕೆ ಬಿಡದೆ ಅದನ್ನೇ ಪಾಠ ಮಾಡಿದೆ: ವಾಸ್ತವವಾದಿಗಳ ಕಣ್ಣಿಗೆ ದೇಶವೆಂದರೆ ಕೇರಂ ಬೋರ್ಡಿನ ಕಾಯಿ. ಒಳಗೆ ಯಾರಿದ್ದಾರೆ, ಏನು ನಂಬುತ್ತಾರೆ ಎಂಬುದು ಮುಖ್ಯವಲ್ಲ, ಯಾವ ಕಾಯಿ ಯಾವುದಕ್ಕೆ ಬಡಿಯುತ್ತದೆ ಎಂಬುದಷ್ಟೇ ಮುಖ್ಯ. ಹಾಗೆಂದು ನಾನು ಆಗ ನಂಬಿಯೂ ಇದ್ದೆ.

ಗುರುವಾರ ಅವಳ ಸರದಿ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡು ಎದ್ದು ನಿಂತಳು.

"ನಮ್ಮ ನೆರೆಯವರು ದೊಡ್ಡೋರು. ಅವ್ರು ಕಾವಲಿಗೆ ಅಂತ ಬಂದೂಕು ತಂದ್ರೂ ನಮಗೆ ಹೆದ್ರಿಕೆ. ಹೆದರಿ ನಾವು ತಂದ್ರೆ ಅವ್ರಿಗೆ ಹೆದ್ರಿಕೆ. ಇಬ್ಬರೂ ಕೆಟ್ಟೋರಲ್ದೇ ಇದ್ರೂ ಯುದ್ಧ ಆಗ್ಬಹುದು."

ಭದ್ರತೆಯ ಸಂದಿಗ್ಧ ಎಂದು ನಾನು ಎರಡು ತರಗತಿ ಹೆಣಗಿದ್ದನ್ನು ಅವಳು ನಾಲ್ಕು ಮಾತಿನಲ್ಲಿ ಮುಗಿಸಿದ್ದಳು. ನನಗೆ ಹಿಗ್ಗು ತಡೆಯಲಾಗಲಿಲ್ಲ. "ಇಷ್ಟು ಸಹಜವಾಗಿ ಇನ್ಯಾರಿಗೂ ಬರ್ಲಿಲ್ಲ ನೋಡಿ!" ಎಂದೆ.

"ಬರತ್ತೆ ಬಿಡಿ ಮೇಡಂ," ಹಿಂದಿನಿಂದ ಒಬ್ಬ ಹುಡುಗ ಎಂದ. "ಮನೇಲಿ ಪ್ರಾಕ್ಟೀಸ್ ಇರತ್ತಲ್ಲ."

ಮತ್ತೆ ನಗು. ನಾನು ಡಸ್ಟರಿನಿಂದ ಮೇಜು ಕುಟ್ಟಿ, "ಸೈಲೆನ್ಸ್. ನೆಕ್ಸ್ಟ್, ಶ್ರೀಲಂಕಾ," ಎಂದೆ.

ಈಗಲೂ ಆ ಪಾಠಕ್ಕೆ ಬಂದಾಗ ಮೂರನೇ ಬೆಂಚಿನಿಂದ ಅವಳ ಕೀರಲು ದನಿ ಕೇಳುತ್ತದೆ. ಸೀಮೆಸುಣ್ಣ ಹಿಡಿದು ನಿಂತುಬಿಡುತ್ತೇನೆ. ಮೇಡಂಗೆ ಮರೆತುಹೋಯಿತು ಎಂದು ಮಕ್ಕಳು ಪುಸ್ತಕ ನೋಡಿ ಮುಂದಿನ ಸಾಲು ಓದಿಕೊಡುತ್ತಾರೆ.

ಸೋಮವಾರ ಅವಳು ಬರಲಿಲ್ಲ. ಆ ವಾರವೂ ಇಲ್ಲ, ಮುಂದಿನ ವಾರವೂ ಇಲ್ಲ. ಮೆಟ್ಟಿಲ ಬಳಿ ನಿಂತು ಹುಡುಗರು "ಏನಮ್ಮಾ, ವೀಸಾ ತಂದ್ಯಾ?" ಎಂದು ರೇಗಿಸಿದ್ದರೆಂದು ಅವಳ ಗೆಳತಿ ಹೇಳಿದಳು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ಗೆಳತಿಯಿಂದ ವಿಳಾಸ ತೆಗೆದುಕೊಂಡು ಒಂದು ಭಾನುವಾರ ಅವಳ ಮನೆಗೆ ಹೋದೆ.

ತಂದೆ ಫ್ಯಾನ್ ಹಾಕಿ, ಕುರ್ಚಿ ಒರೆಸಿ ಕೂರಿಸಿದರು. "ನಿಮ್ಮ ಮೇಲೆ ಬೇಜಾರಿಲ್ಲ ಮೇಡಂ. ಅಂಗಡೀಗೆ ಬಂದು ಕೇಳ್ತಾರೆ, ನಿಮ್ಮ ಮಗಳು ಕಾಲೇಜಲ್ಲಿ ಪಾಕಿಸ್ತಾನದ ಕಡೆ ಭಾಷಣ ಮಾಡಿದ್ಳಂತೆ ಹೌದಾ ಅಂತ. ಅದು ಪಾಠ ಕಣ್ರೀ ಅಂದ್ರೆ ನಂಬ್ತಾರಾ?"

ಅವಳು ಚಹಾ ತಂದಿಟ್ಟಳು. ತಂದೆ ಬಿಸ್ಕತ್ತು ತರಲು ಒಳಗೆ ಹೋದರು.

"ಆ ಹುಡುಗರ ಮಾತು ಹೋಗ್ಲಿ ಬಾಮ್ಮ," ಎಂದೆ.

"ಹೋಗ್ಲಿ ಮೇಡಂ. ನಿಮಗೂ ಕೇಳಿಸ್ತು. ಕೇಳಿಸ್ಕೊಂಡು ಶ್ರೀಲಂಕಾ ಅಂದ್ರಿ."

ಚಹಾ ಬಿಸಿಯಿತ್ತು, ಹಾಗೇ ನುಂಗಿದೆ. "ಹಾಜರಿ ನಾನು ನೋಡ್ಕೋತೀನಿ. ಪರೀಕ್ಷೆಗಾದ್ರೂ ಬಾ."

"ನೋಡೋಣ ಮೇಡಂ."

ಪ್ರಿನ್ಸಿಪಾಲರ ಮುಂದೆ ಮೂರು ದಿನ ನಿಂತು ಅವಳ ಹಾಜರಿಯ ಕೊರತೆ ಮನ್ನಾ ಮಾಡಿಸಿದೆ. ಹಾಲ್ ಟಿಕೆಟನ್ನು ಗೆಳತಿಯ ಕೈಯಲ್ಲಿ ಕಳಿಸಿದೆ. ಪರೀಕ್ಷೆಯ ದಿನ ಅವಳ ಕೊಠಡಿಗೆ ನಾನೇ ಮೇಲ್ವಿಚಾರಕಿ. ಕಿಟಕಿಯ ಪಕ್ಕದ ಡೆಸ್ಕಿನ ಮೇಲೆ ಅವಳ ಉತ್ತರಪತ್ರಿಕೆ, ಪ್ರಶ್ನೆಪತ್ರಿಕೆ ಇಟ್ಟೆ. ಬಾರದವರದ್ದನ್ನು ಅರ್ಧ ಗಂಟೆಯ ನಂತರ ಹಿಂದಕ್ಕೆ ತೆಗೆದುಕೊಳ್ಳುವುದು ನಿಯಮ. ಅರ್ಧ ಗಂಟೆ ಆಯಿತು, ಒಂದು ಗಂಟೆ ಆಯಿತು, ನಾನು ತೆಗೆಯಲಿಲ್ಲ. ಗಾಳಿಗೆ ಹಾಳೆ ತಾನಾಗಿ ಮಗುಚಿಕೊಳ್ಳುತ್ತಿತ್ತು. ಪಕ್ಕದ ಹುಡುಗಿ, ಅಲ್ಲಿ ಯಾರೋ ಬರೆಯುತ್ತಿದ್ದಾರೆಂಬಂತೆ, ಎರಡು ಸಲ ಅತ್ತ ತಿರುಗಿ ನೋಡಿದಳು.

ಸುತ್ತು ಬಂದ ಹಿರಿಯ ಅಧ್ಯಾಪಕರು ಬಾಗಿಲಲ್ಲೇ ಕೇಳಿದರು. "ಏನ್ರೀ ಇದು, ಇನ್ನೂ ಎತ್ತಿಲ್ವಾ?"

"ಬರ್ತಾಳೆ ಸರ್," ಎಂದೆ.

ಕೊನೆಯ ಗಂಟೆ ಬಾರಿಸಿದ ಮೇಲೆ ಎತ್ತಿಕೊಂಡೆ. ಅವಳ ನಂಬರಿನ ಮುಂದೆ ಕೆಂಪು ಶಾಯಿಯಲ್ಲಿ ಗೈರು ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ.