ಚಟ್ನಿಪುಡಿ ಡಬ್ಬಿಗೆ ಕಟ್ಟಿದ ಬಟ್ಟೆ

ಕಳೆದ ಭಾನುವಾರ ನಾನೂ ನನ್ನ ಯಜಮಾನರೂ ಅರಸೀಕೆರೆಯಲ್ಲಿ ಮ್ಯಾಟಿನಿಗೆ ಹೋಗಿದ್ದೆವು. ರಾಜರ ಕಾಲದ ಗೂಢಚಾರರ ಸಿನಿಮಾ. ಶತ್ರುರಾಜ್ಯದಿಂದ ಸೊಸೆಯಾಗಿ ಬಂದ ಹುಡುಗಿ ಗಂಡನ ಮನೆಯ ಗುಟ್ಟನ್ನೆಲ್ಲ ಹೂವಿನ ಬುಟ್ಟಿಯಲ್ಲಿ ಅಡಗಿಸಿ ತವರಿಗೆ ಕಳಿಸುತ್ತಾಳೆ. ಗಂಡ ಸೇನಾಪತಿ. ಅವನಿಗೆ ಎಲ್ಲ ಗೊತ್ತಿತ್ತೋ, ಏನೂ ಗೊತ್ತಿರಲಿಲ್ಲವೋ, ಸಿನಿಮಾ ತೆಗೆದ ಪುಣ್ಯಾತ್ಮರು ಕೊನೆಯವರೆಗೂ ಹೇಳುವುದಿಲ್ಲ! ಜನ ಬೈದುಕೊಂಡೇ ಎದ್ದರು. ನನಗೆ ಮಾತ್ರ ಏಳಲು ಮನಸ್ಸಾಗಲಿಲ್ಲ. ಯಾಕೆಂದರೆ ಆ ಕೆಲಸವನ್ನು ನಾನೂ ಮಾಡಿದವಳೇ. ನನ್ನದು ಹೂವಿನ ಬುಟ್ಟಿಯಲ್ಲ, ಚಟ್ನಿಪುಡಿ ಡಬ್ಬಿ.

ನನ್ನ ತವರು ಕಣಕಟ್ಟೆ ಕಡೆ. ಅಪ್ಪನಿಗೆ ತೆಂಗಿನ ತೋಟವಿತ್ತು. ನಮ್ಮಲ್ಲಿ ಕಾಯಿಯನ್ನು ಕೆಡವಿದ ಕೂಡಲೇ ಮಾರುವುದಿಲ್ಲ. ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎಂದಾಗ ಕೊಬ್ಬರಿ ಆಯಿತೆಂದು ಅರ್ಥ. ಆಮೇಲೆ ಉಳಿಯುವುದು ಒಂದೇ ಚಿಂತೆ, ಧಾರಣೆ ನೋಡಿ ಅಟ್ಟದಿಂದ ಯಾವಾಗ ಇಳಿಸಿ ಮಾರುವುದು? ಒಂದು ವಾರ ಹಿಂದುಮುಂದಾದರೂ ವರ್ಷದ ದುಡಿಮೆ ಮಣ್ಣುಪಾಲು. ನನ್ನನ್ನು ಕೊಟ್ಟಿದ್ದು ಅರಸೀಕೆರೆಯ ಕೊಬ್ಬರಿ ಮಂಡಿಯವರ ಮನೆಗೆ. ಧಾರಣೆ ಏರುತ್ತದೋ ಇಳಿಯುತ್ತದೋ ಎಂಬ ಸುದ್ದಿ ರೈತರಿಗಿಂತ ಮೊದಲು ನಮ್ಮ ಮನೆಗೆ ಬರುತ್ತಿತ್ತು. ಅದು ಮಂಡಿಯವರ ಗುಟ್ಟು. ಮನೆಯಿಂದಾಚೆ ಹೋಗುವಂತಿರಲಿಲ್ಲ.

ಯಜಮಾನರು ಮಧ್ಯಾಹ್ನ ಊಟಕ್ಕೆ ಬಂದಾಗ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವತ್ತಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ನಾನು ಒಲೆ ಕಡೆ ಮುಖ ಮಾಡಿಕೊಂಡು ಕಿವಿಯನ್ನು ಅತ್ತ ಇಟ್ಟಿರುತ್ತಿದ್ದೆ. ಫೋನು ಇದ್ದದ್ದು ಹಜಾರದಲ್ಲಿ, ಮಾವನವರ ಕುರ್ಚಿಯ ಪಕ್ಕದಲ್ಲೇ. ಅಲ್ಲಿ ನಿಂತು ಬಾಯಿ ಬಿಡಲಾದೀತೇ? ಅದಕ್ಕೇ ಅಪ್ಪನೂ ನಾನೂ ಒಂದು ಉಪಾಯ ಮಾಡಿಕೊಂಡೆವು. ವಾರಕ್ಕೊಮ್ಮೆ ಕಣಕಟ್ಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚಟ್ನಿಪುಡಿ ಕಳಿಸುವುದು. ಡಬ್ಬಿಗೆ ಬಿಳಿ ಬಟ್ಟೆ ಕಟ್ಟಿದರೆ ತಡಿ, ಕೆಂಪು ಬಟ್ಟೆಯಾದರೆ ಇಳಿಸು. "ನಿಮ್ಮಪ್ಪ ಚಟ್ನಿಪುಡಿ ಉಣ್ತಾರೋ, ಮೈಗೆ ಬಳ್ಕೋತಾರೋ?" ಎಂದು ಅತ್ತೆ ಛೇಡಿಸುತ್ತಿದ್ದರು. ನಾನು ನಕ್ಕು ಗಂಟು ಬಿಗಿಯುತ್ತಿದ್ದೆ. ಮೊದಲ ಎರಡು ವರ್ಷವೂ ಅಪ್ಪ ಕರಾರುವಾಕ್ಕಾಗಿ ಇಳಿಸಬೇಕಾದ ವಾರವೇ ಇಳಿಸಿದ.

ಮೂರನೇ ವರ್ಷ, ಅಪ್ಪನ ಕೊಬ್ಬರಿ ಆಗಿ ಕಾಯುತ್ತಿದ್ದ ಹೊತ್ತಿಗೇ ಯಜಮಾನರು ಅಡುಗೆಮನೆ ಕಡೆ ಬರುವುದನ್ನು ಬಿಟ್ಟರು. ಒಂದಲ್ಲ ಎರಡಲ್ಲ, ಎಂಟು ದಿನ. ತಟ್ಟೆಯನ್ನು ಹಜಾರಕ್ಕೇ ತರಿಸಿಕೊಂಡು ಉಂಡರು. ಕೇಳಿದ್ದಕ್ಕೆಲ್ಲ "ಹೂಂ", "ಉಹೂಂ". ಸಿಕ್ಕಿಬಿದ್ದೆನೋ, ಇಲ್ಲ ಈ ಮನುಷ್ಯನಿಗೆ ನಾನೇ ಬೇಡವಾದೆನೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಆ ವಾರದ ಡಬ್ಬಿಗೆ ಯಾವ ಬಟ್ಟೆಯನ್ನೂ ಕಟ್ಟಲಿಲ್ಲ. ಅಪ್ಪ ಗೊತ್ತಾಗದೆ ಇಳಿಸಿಬಿಟ್ಟ. ಮರುವಾರ ಧಾರಣೆ ಏರಿತು. ನಷ್ಟವಾದರೂ ಅಪ್ಪ ನನ್ನನ್ನು ದೂರಲಿಲ್ಲ. ಇವರು ಒಂಬತ್ತನೇ ದಿನ ಏನೂ ಆಗಿಲ್ಲವೆಂಬಂತೆ ಮತ್ತೆ ಹೊಸ್ತಿಲಿಗೆ ಬಂದು ನಿಂತರು. ಡಬ್ಬಿಯೂ ಮತ್ತೆ ಬಸ್ಸು ಹತ್ತಿತು, ಅಪ್ಪ ಇರುವವರೆಗೂ. ಆದರೆ ಆ ಎಂಟು ದಿನದ ಸಿಟ್ಟು ನನ್ನ ಹೊಟ್ಟೆಯಲ್ಲಿ ಇಪ್ಪತ್ತು ವರ್ಷ ಹಾಗೇ ಕೂತಿತ್ತು. ಕೇಳೋಣವೆಂದರೆ ಡಬ್ಬಿಯ ವಿಷಯವೂ ಹೊರಗೆ ಬರುತ್ತದಲ್ಲ!

ಸಿನಿಮಾದಲ್ಲಿ ಹೂವಿನ ಬುಟ್ಟಿಗೆ ಹಾಕುವ ಮೊದಲು ನಾಯಕಿ ಓಲೆ ಬಚ್ಚಿಡುವ ಕೊಳ ಕಂಡಾಗ ಯಜಮಾನರು ನನ್ನ ತೋಳು ತಿವಿದು, "ಏ, ಇದು ಹುಲಿಕೆರೆ ಕೊಳ ಕಣೇ" ಎಂದಿದ್ದರು. ಮರುದಿನ ನಾನೇ ಹಟ ಹಿಡಿದು ಬೈಕ್ ಹತ್ತಿದೆ. ಹಳೇಬೀಡಿನಲ್ಲಿ ಕಾಫಿ ಕುಡಿದು ಹುಲಿಕೆರೆಗೆ ಹೋದೆವು. ನಾಯಕಿ ಕೈ ತೂರಿಸಿದ ಸಂದು ಯಾವುದೆಂದು ಮೆಟ್ಟಿಲು ಮೆಟ್ಟಿಲಲ್ಲೂ ಹುಡುಕಿದೆ. ಸಿಗಲಿಲ್ಲ. ಸುಸ್ತಾಗಿ ಇವರ ಪಕ್ಕ ಕೂತೆ.

"ರೀ, ಆ ಸೇನಾಪತಿಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ವಾರವಾರ ಅಷ್ಟೊಂದು ಹೂವು ಯಾರಿಗೆ ಬೇಕು?" ನೀರನ್ನೇ ನೋಡುತ್ತಾ ಕೇಳಿದರು: "ಅಷ್ಟೊಂದು ಚಟ್ನಿಪುಡಿ ಯಾರಿಗೆ ಬೇಕು?"

ತಟ್ಟನೆ ತಿರುಗಿ ಅವರ ಮುಖ ನೋಡಿದೆ. ಈ ಮನುಷ್ಯನೋ, ನಗುತ್ತಿದ್ದಾರೆ!

"ಹಂಗಾದ್ರೆ ಆ ಎಂಟು ದಿನ?" ಎಂದೆ. ಯಾವ ಎಂಟು ದಿನವೆಂದು ಅವರು ಕೇಳಲಿಲ್ಲ.

"ನಮ್ಮಪ್ಪಂಗೆ ಅನುಮಾನ ಬಂದಿತ್ತು. ಹೊಸ್ತಿಲಲ್ಲಿ ನಿಂತ್ಕೊಂಡು ಸುದ್ದೀನ ಉಲ್ಟಾ ಹೇಳು, ಏನಾಗುತ್ತೋ ನೋಡೋಣ ಅಂದ್ರು. ನಿನಗೆ ಸುಳ್ಳು ಹೇಳಕ್ಕೆ ಬಾಯಿ ಬರ್ಲಿಲ್ಲ. ನಿಜ ಹೇಳಿದ್ರೆ ಅಪ್ಪಂಗೆ ಮೋಸ ಮಾಡ್ದಂಗೆ. ಎರಡೂ ಆಗ್ಲಿಲ್ಲ, ಅಡುಗೆಮನೆ ಕಡೆ ಬರೋದನ್ನೇ ಬಿಟ್ಟೆ."

ಇಪ್ಪತ್ತು ವರ್ಷದ ಸಿಟ್ಟು ಅಳುವಾಗಿ ಬಂತು. ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೈಯದೆ ಬಿಡಬಾರದೆಂದು ಬೈದೆ: "ಎಂಥಾ ಜನ ರೀ ನೀವು! ಎಲ್ಲಾ ಗೊತ್ತು ಅಂತ ಆವತ್ತೇ ಒಂದು ಮಾತು ಹೇಳಿದ್ರೆ ನಿಮ್ಮ ಗಂಟು ಹೋಗ್ತಿತ್ತಾ?"

"ಹೇಳಿದ್ರೆ ನೀನು ಡಬ್ಬಿ ಕಳ್ಸೋದನ್ನ ನಿಲ್ಲಿಸ್ತಿದ್ದೆ" ಎಂದರು.