ಕೈ ಒಂದು ಗಿಡಕ್ಕೆ, ಕಾಲು ಇನ್ನೊಂದಕ್ಕೆ

ಹೋದ ಶುಕ್ರವಾರ ಕಮಲಾಪುರದಲ್ಲಿ, ನನ್ನ ಐವತ್ತನೆಯ ವಯಸ್ಸಿನಲ್ಲಿ, ನನಗೆ ಕಾಲು ತೊಳೆಯುವುದನ್ನು ಕಲಿಸಲಾಯಿತು.

ಕಲಿಸಿದವನು ಬಾಷುಮಿಯಾ, ಅಲ್ಲಿನ ಕೆಂಪು ಬಾಳೆ ತೋಟದ ಬಾಗವಾನ. ಜೊತೆಯಲ್ಲಿ ಪಾಠ ಕಲಿತವನು ಶೀನಪ್ಪಯ್ಯ. ಕಲಬುರ್ಗಿ ಸ್ಟೇಶನ್ ಹತ್ತಿರ ದೋಸೆ ಹೋಟೆಲ್ ಇಟ್ಟಿರುವ ಕರಾವಳಿಯ ಈ ಮನುಷ್ಯನನ್ನು ನಮ್ಮ ಓದುಗರಲ್ಲಿ ಅರ್ಧ ಮಂದಿಯಾದರೂ ಬಲ್ಲಿರಿ. (ಉಳಿದವರಿಗೆ ದೋಸೆಯ ರುಚಿ ಗೊತ್ತಿಲ್ಲ, ಪಾಪ.) ಇಂಗ್ಲಿಷರ ಸೀಮೆಯಿಂದ ರೈಲು ಹತ್ತಿ ನಮ್ಮ ನಿಜಾಮ ಸೀಮೆಗೆ ಬಂದು ಎರಡು ವರ್ಷವಾಯಿತು.

ಈ ಬೇಸಿಗೆಗೆ ಅವನು ಊರು ಬಿಡಲು ಹೊರಟಿದ್ದ. ಕಾರಣ? ನೀರು. ಅವನಿಗೆ ಅಕ್ಕಿಯನ್ನು ನಾಲ್ಕು ಸಲ ತೊಳೆಯಬೇಕು. ಅಂಗಳಕ್ಕೆ ಕೊಡಗಟ್ಟಲೆ ಸುರಿಯಬೇಕು. ತಾನು ಮೂರು ಹೊತ್ತು ಮೀಯಬೇಕು. ಹೋಟೆಲಿನ ಬಡ ಬಾವಿ ಎಷ್ಟೆಂದು ಕೊಟ್ಟೀತು? ಮಧ್ಯಾಹ್ನಕ್ಕೆಲ್ಲ ಕೊಡ ತಳಕ್ಕೆ ಬಡಿಯುತ್ತಿತ್ತು.

"ನಿಮ್ಮಲ್ಲಿ ನೀರೇ ಇಲ್ಲ ಮಾರಾಯ್ರೆ. ನಮ್ಮಲ್ಲಿ ಹಿತ್ತಿಲಿಗೊಂದು ಬಾವಿ, ಎದುರಿಗೆ ಹೊಳೆ, ಆಚೆ ಸಮುದ್ರ. ಮಳೆ ಹಿಡಿದ್ರೆ ನಾಲ್ಕು ತಿಂಗಳು ಬಟ್ಟೆ ಒಣಗುವುದಿಲ್ಲ" ಎಂದು ದೋಸೆಗೊಂದು ಸಲ ಹೇಳುತ್ತಿದ್ದ.

ಹೇಳಿಕೊಳ್ಳಲಿ ಎಂದು ದೋಸೆ ಮುರಿಯುತ್ತಿದ್ದೆ. ಆದರೆ ಎರಡು ರುಬ್ಬುವ ಕಲ್ಲುಗಳಲ್ಲಿ ಒಂದನ್ನು ಅವನು ಗೋಣಿಯಲ್ಲಿ ಕಟ್ಟಿಟ್ಟದ್ದು ಕಂಡ ದಿನ ನನಗೆ ನನ್ನದೇ ಚಿಂತೆ ಹತ್ತಿತು. ಅವನ ಹೊಟ್ಟೆಪಾಡು ಎಲ್ಲಾದರೂ ನಡೆದೀತು, ನನ್ನ ಹೊಟ್ಟೆಯ ಗತಿ ಏನು? ಕಚೇರಿಯಲ್ಲಿ ಇಡೀ ದಿನ ಉರ್ದು ಕಾಗದ ಬರೆಯುವ ಗುಮಾಸ್ತನಿಗೆ ಬೆಳಗಿನ ಎರಡು ದೋಸೆ ಬಿಟ್ಟರೆ ಬೇರೆ ಸುಖವುಂಟೇ?

ಹೋಗುವ ಮುನ್ನ ನಮ್ಮ ಕಡೆಯ ನೀರನ್ನೂ ಒಮ್ಮೆ ನೋಡಲಿ ಎಂದು ಶುಕ್ರವಾರದ ರಜೆಯಲ್ಲಿ ಅವನನ್ನು ಮೋಟಾರು ಹತ್ತಿಸಿದೆ. ಕಮಲಾಪುರದವರೆಗೂ ಹೊರಗೆ ಧೂಳು, ಅವನ ಬಾಯಲ್ಲಿ ಸಮುದ್ರ.

ತೋಟದಲ್ಲಿ ಎತ್ತುಗಳು ತೊಗಲಿನ ಚೀಲದಿಂದ ಬಾವಿಯ ನೀರು ಎಳೆಯುತ್ತಿದ್ದವು. ಶೀನಪ್ಪಯ್ಯ ತಂಬಿಗೆ ತುಂಬಿ, ಒಂದು ಬಾಳೆಗಿಡದ ಬುಡದಲ್ಲಿ ನಿಂತು ಕಾಲ ಮೇಲೆ ಸುರಿದುಕೊಳ್ಳಬೇಕು, ಅಷ್ಟರಲ್ಲಿ ಬಾಷುಮಿಯಾ ಅಡ್ಡ ಬಂದ.

"ಠೈರೋ ಸ್ವಾಮಿ. ಆ ಗಿಡದ ನೀರಿನ ಪಾಳಿ ನಿನ್ನಿ ಮುಗದದ. ಕೈ ಈ ಗಿಡಕ್ಕ ತೊಳಕೋರಿ. ಮುಖ ಮುಂದಿನ ಗಿಡಕ್ಕ. ಕಾಲು ಅದರ ಬಾಜೂದಕ್ಕ."

"ಕಾಲು ತೊಳೀಲಿಕ್ಕೆ ಮೆರವಣಿಗೆ ಹೋಗ್ಬೇಕಾ?"

"ಮೂರು ಗಿಡಕ್ಕ ಸಾಕಾಗೋ ನೀರು ಒಂದೇ ಗಿಡಕ್ಕ ಯಾಕ್ರಿ? ನಿಮ್ಮಂಥ ಮೆಹಮಾನ್ ಮನಿಗಿ ಬಂದ್ರ ಗಿಡಕ್ಕೂ ಖುಷಿ ಆಗ್ಬೇಕು."

ಇಬ್ಬರೂ ಧೋತರ ಎತ್ತಿಕೊಂಡು ಗಿಡದಿಂದ ಗಿಡಕ್ಕೆ ಹೋದೆವು. (ಕಚೇರಿಯವರು ಯಾರೂ ನೋಡಲಿಲ್ಲ ಎಂದು ನಂಬಿದ್ದೇನೆ.)

ಆಮೇಲೆ ಶೀನಪ್ಪಯ್ಯ, ಹರಿಯುವ ನೀರಿಗೆ ಮಡಿ ಮೈಲಿಗೆ ಇಲ್ಲವೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಕಾಲುವೆಯಿಂದ ಬೊಗಸೆ ತುಂಬಿ ಕುಡಿದ. ಮತ್ತೊಮ್ಮೆ ಕುಡಿದ.

"ಹ್ಯಾಂಗದ್ರೀ ನಮ್ಮ ನೀರು?" ಎಂದೆ.

"ಸಿಹಿ ಉಂಟು" ಎಂದ. ಮೂರನೇ ಬೊಗಸೆ ತುಂಬುತ್ತ ಮುಂದುವರಿಸಿದ, "ಬೇಸಿಗೆಯಲ್ಲಿ ಹೊಳೆಗೆ ಸಮುದ್ರ ನುಗ್ತದೆ. ನಮ್ಮ ಬಾವಿಯೂ ಉಪ್ಪಾಗ್ತದೆ. ಅಮ್ಮ ಎರಡು ಕೊಡ ಹಿಡ್ಕೊಂಡು ದೋಣಿಯಲ್ಲಿ ಆಚೆ ದಡಕ್ಕೆ ನೀರಿಗೆ ಹೋಗ್ತಾಳೆ."

ಎರಡು ವರ್ಷ ನನ್ನ ಕಿವಿಗೆ ಸಮುದ್ರ ಸುರಿದವನ ಮಾತಿದು. ಅಮ್ಮನೆಂದಾಗ ಅವನ ದನಿ ಇಳಿದದ್ದು ಕೇಳಿ ಬೇಜಾರಾಯಿತು. ಆದರೂ ಕೆಣಕದೆ ಬಿಡಲಾಗಲಿಲ್ಲ.

"ಮತ್ತ ನಾಕ್ ತಿಂಗಳ ಮಳಿ ಎಲ್ಲಿ ಹೋಯ್ತ್ರಿ?"

"ಸಮುದ್ರಕ್ಕೆ. ಅಂಗಳದ ನೀರು ಹೊರಗೆ ಓಡಿಸ್ಲಿಕ್ಕೆ ಕಣಿ ಕಡಿಯುವುದೇ ಮಳೆಗಾಲದಲ್ಲಿ ನಮಗೆ ಕೆಲ್ಸ."

ಬಾಷುಮಿಯಾ ನಗಲಿಲ್ಲ. "ಮನಿಗಿ ಬಂದ ಮೆಹಮಾನನ್ನ ಓಡಸ್ತೀರಿ, ಆಮ್ಯಾಲ ದೋಣಿ ತಗೊಂಡು ಹುಡಕಾಕ ಹೋಗ್ತೀರಿ?" ಎಂದ.

ನಾನು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮೋಟಾರಿನಲ್ಲಿ ಬರುವಾಗಲೂ ನಕ್ಕೆ. ಶೀನಪ್ಪಯ್ಯ ಬಾಷುಮಿಯಾ ಕೊಟ್ಟ ಎರಡು ಬಾಳೆ ಕಂದುಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ನಿನ್ನೆ ಹೋಟೆಲಿಗೆ ಹೋದೆ. ಕಲ್ಲು ಗೋಣಿಯಿಂದ ಹೊರಗೆ ಬಂದಿತ್ತು! ಅಕ್ಕಿ ತೊಳೆದ ನೀರು ಹಿತ್ತಿಲಿನ ಕಂದುಗಳಿಗೆ ಹೋಗುತ್ತಿತ್ತು. ಸಂತೋಷಕ್ಕೆ ಒಂದು ದೋಸೆ ಹೆಚ್ಚೇ ತಿಂದೆ. ಕೈ ತೊಳೆಯಲು ಎರಡನೇ ತಂಬಿಗೆ ಎತ್ತಿದೆ, ಶೀನಪ್ಪಯ್ಯ ಕೈಯಿಂದ ಕಿತ್ತುಕೊಂಡ.

"ನಿಮ್ದು ಆಯ್ತು. ಬಾಯಿ ತೊಳೆಯುವುದಾದ್ರೆ ಆಚೆ ಗಿಡಕ್ಕೆ ಹೋಗಿ" ಎಂದ. ಆಮೇಲೆ ಮೆಲ್ಲಗೆ ಕೇಳಿದ, "ಅಲ್ಲ ಮಾರಾಯ್ರೆ, ಮಳೆ ಬಂದ್ರೆ ನಿಮ್ಮ ಮಾಳಿಗೆ ನೀರು ಎಲ್ಲಿಗೆ ಹೋಗ್ತದೆ?"

ಬಾಯಲ್ಲಿ ನೀರಿದೆಯೆಂದು ಸನ್ನೆ ಮಾಡಿ ತಪ್ಪಿಸಿಕೊಂಡೆ. ಮನೆಗೆ ಬಂದು ತಲೆಯೆತ್ತಿ ನೋಡಿದೆ. ನಮ್ಮ ಮಾಳಿಗೆಯ ಮಳೆನೀರು ಹೊರಗೆ ಬೀಳುವ ಹರನಾಳಿಗೆ ನಮ್ಮ ತಾತನ ಕಾಲದಿಂದಲೂ ಬೀದಿಗೆ ಮುಖ ಮಾಡಿ ನಿಂತಿದೆ.

ನಿಮ್ಮದು?