ಗೌರಿಬಿದನೂರಿನಲ್ಲಿ ಕೃಷ್ಣನ ಮುಖ

ಶಿಡ್ಲಘಟ್ಟದ ಮನೆಯಲ್ಲಿ ನೆನೆಹಾಕಿದ ಅವರೆಕಾಳು ಹಿದುಕುತ್ತಿದ್ದಾಗ ಫೋನು ಬಂತು. ಗೌರಿಬಿದನೂರಿನಿಂದ ಅತ್ತಿಗೆ. "ನಾಳೆ ನಿಮ್ಮಣ್ಣ ಕೃಷ್ಣನ ವೇಷ ಕಟ್ತಾರಮ್ಮ. ಆಮೇಲೆ ಗಂಟಲು ಆಪರೇಷನ್. ದನಿ ಉಳಿಯುತ್ತೋ ಇಲ್ವೋ, ಜಾಸ್ತಿ ಹಾಡ್ಬೇಡಿ ಅಂದವ್ರೆ ಡಾಕ್ಟ್ರು. ಹಾಡ್ತಿರೋದೊಂದು ಫೋಟೊ ನೀನೇ ತೆಗೀಬೇಕಂತೆ."

ಕಾಳಿನ ನೀರು ಬದಲಿಸಿಟ್ಟು, ಬೆಳಿಗ್ಗೆ ದೇವರಿಗೆ ಕೈಮುಗಿದು ಹೊರಟೆ. ಹೋದ ವರ್ಷ ತೀರಿಕೊಂಡ ನಮ್ಮವರ ಡಿಜಿಟಲ್ ಕ್ಯಾಮೆರಾ ಜೊತೆಗಿತ್ತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿದೆ. ಚಳಿಯಿದ್ದರೂ ಕಿಟಕಿಯ ಪಕ್ಕ ಬಿಸಿಲು ಬೀಳುವ ಸೀಟು ಸಿಕ್ಕಿತು, ದೇವರ ದಯೆ. ಅವರು ಕೂರುತ್ತಿದ್ದ ಪಕ್ಕದ ಜಾಗದಲ್ಲಿ ಚೀಲವಿಟ್ಟೆ. ಗೌರಿಬಿದನೂರಿನವರೆಗೂ ಅದನ್ನು ತೆಗೆಯಿರೆಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನದ ನಾಟಕ, ಕಿಟಕಿ ಮುಚ್ಚಿದ ಸಭಾಂಗಣ. ಮೊದಲು ಫ್ಲ್ಯಾಷ್ ಹಾಕಿ ತೆಗೆದೆ; ಕಿರೀಟದ ಕನ್ನಡಿ ಚೂರುಗಳು ಮಿಂಚಿ ಮುಖವೇ ಕಾಣಲಿಲ್ಲ. ಫ್ಲ್ಯಾಷ್ ಆರಿಸಿದರೆ, ಹಿಂದಿನ ಕಪ್ಪು ಪರದೆ ನೋಡಿ ಕ್ಯಾಮೆರಾ ತಾನೇ ಬೆಳಕು ಹೆಚ್ಚಿಸಿಕೊಂಡು, ಅಣ್ಣನ ಮುಖಕ್ಕೆ ಸುಣ್ಣ ಬಳಿದಂತಾಯಿತು. "ಪರದೆ ಕಪ್ಪಾದ್ರೆ ಆಗ್ಲಿ ಕಣೇ, ಮುಖ ನೋಡು" ಎನ್ನುತ್ತಿದ್ದರು ನಮ್ಮವರು. ಕ್ಯಾಮೆರಾದಲ್ಲೇ ಬೆಳಕನ್ನು ಎರಡು ಮೆಟ್ಟಿಲು ಇಳಿಸಿದೆ. ಮುಖ ತಿಳಿಯಾಯಿತು, ಆದರೆ ಅಣ್ಣ ಅಲುಗಿದರೆ ಚಿತ್ರ ಕದಡುತ್ತಿತ್ತು. ಪದ್ಯದ ಕೊನೆಗೆ ರಾಗ ಎಳೆಯುವಾಗ ಮಾತ್ರ ಅವನು ಕಂಬದಂತೆ ನಿಲ್ಲುತ್ತಾನೆ. ಮುಂದಿನ ಕುರ್ಚಿಯ ಬೆನ್ನಿಗೆ ಕ್ಯಾಮೆರಾ ಒತ್ತಿ ಹಿಡಿದು ಕಾದೆ.

ರಾಗ ಬಂತು. ಅಷ್ಟರಲ್ಲಿ ಯಾರೋ ಅಭಿಮಾನಿ ವೇದಿಕೆಗೆ ಹತ್ತಿ ಹಾರ ಹಾಕಿದರು. ಸಿಕ್ಕಿದ್ದು ಅವರ ಬೆನ್ನು.

ಜನ "ಒನ್ಸ್ ಮೋರ್" ಎಂದು ಕೂಗಿದರು. ಪಕ್ಕದಲ್ಲಿದ್ದ ಅಜ್ಜಿ ತೆಲುಗಿನಲ್ಲಿ "ಏಮಿ ಗೊಂತಮ್ಮಾ" ಎಂದು ದನಿಯನ್ನು ಹೊಗಳಿ, "ನೀನೂ ಕೂಗಮ್ಮ" ಎಂದರು. ನನಗೆ ಬೇಕಿದ್ದೂ ಅದೇ. ಆದರೆ ಡಾಕ್ಟರು ಹೇಳಿದ್ದು ನೆನಪಾಯಿತು. ಸ್ವಾಮಿ, ಅಣ್ಣ ಹಾಡದೆ ಒಳಗೆ ಹೋಗಲಿ ಎಂದುಕೊಂಡೆ. ಅಣ್ಣ ನನ್ನತ್ತ ನೋಡಿದ. ಹಾರ ತೆಗೆದು ಪಕ್ಕಕ್ಕಿಟ್ಟು, ದೀಪದ ಕೆಳಗೆ ಬಂದು ನಿಂತು ಅದೇ ಪದ್ಯ ಮತ್ತೆ ಎತ್ತಿಕೊಂಡ. ಕೊನೆಯಲ್ಲಿ ದನಿ ಸೀಳಿತು. ಆದರೂ ಎಳೆದ. ನಾನು ಗುಂಡಿ ಒತ್ತಿದೆ.

ಸಂಜೆ ಅಣ್ಣ ಮಫ್ಲರ್ ಸುತ್ತಿಕೊಂಡು ಅತ್ತಿಗೆಯ ಜೊತೆ ಬಸ್ ನಿಲ್ದಾಣಕ್ಕೆ ಬಂದಿದ್ದ. ಮಾತೇ ಹೊರಡುತ್ತಿರಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತನ್ನ ತೆರೆದ ಬಾಯನ್ನು ನೋಡಿ ಅತ್ತಿಗೆಗೆ ಸನ್ನೆ ಮಾಡಿದ. "ಫೋಟೊದಲ್ಲಿ ಗಂಟಲ ನರ ಕೂಡ ಬಂದೈತಂತೆ, ಸಾಕಂತೆ" ಎಂದರು ಅತ್ತಿಗೆ. ಬಸ್ಸು ತಿರುಗುವವರೆಗೂ ಕೈ ಎತ್ತಿಕೊಂಡೇ ನಿಂತಿದ್ದ.

ಮನೆಯ ಬೀಗ ತೆಗೆದಾಗ ಕತ್ತಲಾಗಿತ್ತು. ಕಾಳು ಹುಳಿ ಬಂದಿರಲಿಲ್ಲ, ಅದೊಂದು ಪುಣ್ಯ. ದೇವರಿಗೆ ದೀಪ ಹಚ್ಚಿ, ಉಳಿದದ್ದನ್ನು ಹಿದುಕಲು ಕುಳಿತೆ. ಬೇಳೆ ಪಾತ್ರೆಗೆ ಬೀಳುವ ಸದ್ದೊಂದೇ ಇತ್ತು.